ಟ್ಯೂಬ್‌ಲೈಟಿನ ಹಿಂದಿನ ಸಾಕ್ಷಿ

ಗೆಳೆಯರೇ, ಇವತ್ತು ಸಂಜೆ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಕೈಯಿಂದ ಕಸಬರಿಗೆ ಕೆಳಗಿಡಿಸಿದಳು.

ಹುಮನಾಬಾದ ಪಕ್ಕದ ಮಾಣಿಕನಗರದ ನಮ್ಮ ಮನೆಯಲ್ಲಿ ಆರು ಮಕ್ಕಳಿಗೆ ಟ್ಯೂಷನ್ ನಡೆದಿತ್ತು. ಟ್ಯೂಬ್‌ಲೈಟಿನಿಂದ ಹಲ್ಲಿಯೊಂದು ಜಾರಿ ಸೀದಾ ನನ್ನ ಹೆಗಲ ಮೇಲೆ ಬಿತ್ತು. ನಾನು ಕೊಡವಿದೆ. ಅದು ಗೋಡೆ ಏರಿತು. ನಾನು ಕಸಬರಿಗೆ ಎತ್ತಿದೆ. ನನ್ನನ್ನು ನೋಡಿ ಹುಡುಗರೂ ಸ್ಕೇಲು ಹಿಡಿದು ನಿಂತರು.

"ಹೊಡೀಬ್ಯಾಡ್ರಿ ಮೇಡಂ," ಎಂದು ನಾಲ್ಕನೇ ಕ್ಲಾಸಿನ ಭಾಗ್ಯ ನಡುವೆ ಬಂದಳು.

"ಸರಿ ಅತ್ಲಾಗ. ಹೊಲಸು ಹುಳ ಅದು."

"ಮೊನ್ನಿ ನೀವು ಎಲ್ಲಾರೂ ಪಾಸಾಗ್ತೀರಿ ಅಂದಾಗ ಇದೇ ಲೊಚ್ ಲೊಚ್ ಅಂತು. ಖರೇ ಖರೇ ಅಂತ ನೀವೇ ನೆಲಾ ಕುಟ್ಟಿದ್ರಿ. ಅವತ್ತ ಹೊಲಸು ಇರಲಿಲ್ಲೇನ್ರಿ?"

ನಾನು ಕಸಬರಿಗೆ ಕೆಳಗಿಟ್ಟೆ. ಎಲ್ಲರಿಗಿಂತ ಮುಂದೆ ಸ್ಕೇಲು ಹಿಡಿದಿದ್ದ ರೋಹಿತ ಹತ್ತಿರ ಹೋಗಿ ನೋಡಿದ. "ಅದರ ಗಂಟಲಾ ನೋಡ್ರಿ, ಹ್ಯಾಂಗ ಬಡ್ಕೊಳಾಕತ್ತದ. ಅಂಜೇದ್ರಿ ಪಾಪ," ಎಂದು ಸ್ಕೇಲು ಇಳಿಸಿದ. ಉಳಿದವರೂ ಸದ್ದಿಲ್ಲದೆ ಸುತ್ತ ನಿಂತು ನೋಡಿದರು. ನನ್ನ ಗುಣಾಕಾರದ ಪಾಠಕ್ಕೆ ಅವರು ಒಂದು ದಿನವೂ ಇಷ್ಟು ಗಮನ ಕೊಟ್ಟಿದ್ದಿಲ್ಲ.

"ಆಯ್ತು, ಇನ್ನ ಇದನ್ನ ಯಾರೂ ಹೊಡ್ಯಾಂಗಿಲ್ಲ. ನಾನೂ ಹೊಡ್ಯಾಂಗಿಲ್ಲ," ಎಂದೆ.

ಸರಿಯಾಗಿ ಅದೇ ಹೊತ್ತಿಗೆ ಹಲ್ಲಿ ಲೊಚಗುಟ್ಟಿತು. ಆರೂ ಮಕ್ಕಳು ನೆಲ ಕುಟ್ಟಿ "ಖರೇ ಖರೇ" ಎಂದರು. ನಾನೂ ಕುಟ್ಟಿದೆ.

ಇನ್ನು ಮಾತು ತಪ್ಪುವಂತಿಲ್ಲ. ಸಾಕ್ಷಿ ನಮ್ಮ ಮನೆಯ ಟ್ಯೂಬ್‌ಲೈಟಿನ ಹಿಂದೆಯೇ ವಾಸವಾಗಿದೆ.