ಪದ್ಯದ ಪಿರಿಯಡ್ಡಿಗೆ ಕಾದ ಗೌಸ್‌ಪೀರ್ ಮೇಷ್ಟ್ರು

ಹೊತ್ತು ಇನ್ನೂ ಹುಟ್ಟಿಲ್ಲ. ನ್ಯಾಮತಿಯ ಮಿಡ್ಲ್‌ಸ್ಕೂಲಿನ ಬಾಗಿಲು ತೆಗೆದು ಗೌಸ್‌ಪೀರ್ ಮೇಷ್ಟ್ರು ಕಪ್ಪುಹಲಗೆಗೆ ಇದ್ದಿಲು ತಿಕ್ಕುತ್ತಿದ್ದಾರೆ. ಇಂಗ್ಲಿಷ್ ಓದಿನಲ್ಲಿ ಹಿಂದೆ ಬಿದ್ದ ಹುಡುಗರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಸೂರಗೊಂಡನಕೊಪ್ಪದಿಂದ ಕತ್ತಲಲ್ಲೇ ನಡೆದು ಬಂದವರೂ ಇದ್ದಾರೆ. ಯುದ್ಧ ಶುರುವಾದ ಮೇಲೆ ಕಾಗದ ತುಟ್ಟಿ. ಮೂವರಿಗೆ ಒಂದೇ ರೀಡರು ಪುಸ್ತಕ. ಮೇಷ್ಟ್ರು ಸಾಲಿನ ಕೆಳಗೆ ಬೆರಳಿಡಿಸಿ ಓದಿಸುತ್ತಾರೆ.

"ನುಂಗಬ್ಯಾಡ, ಬಾಯಿ ಬಿಡು! ಎಲೆಅಡಿಕೆ ತುಂಬ್ಕಂಡೋನಂಗೆ ಓದ್ತೀಯಲ್ಲೋ!"

ಹುಡುಗ ನಗುತ್ತಾನೆ. ಮತ್ತೆ ಓದುತ್ತಾನೆ. ಈ ಸಲ ಮಾತು ಬಿಡಿಸಿಕೊಂಡು ಬರುತ್ತದೆ.

ಮೇಷ್ಟ್ರು ಹೊನ್ನಾಳಿಯವರು. ತಂದೆ ಸಂತೆಯಿಂದ ಸಂತೆಗೆ ಬಳೆ ಹೊತ್ತು ಮಾರಿ ಮಗನನ್ನು ಲೋವರ್ ಸೆಕೆಂಡರಿ ಪಾಸು ಮಾಡಿಸಿದರು. ಹದಿನಾಲ್ಕು ವರ್ಷದಿಂದ ಇಲ್ಲಿ ಇಂಗ್ಲಿಷ್ ಓದು, ವ್ಯಾಕರಣ ಎರಡೂ ಇವರ ತಲೆಗೇ. ದಿನಕ್ಕೆ ಐದು ಪಿರಿಯಡ್ಡು, ಅದರ ಮೇಲೆ ಈ ಬೆಳಗಿನ ಪಾಠ. ಪದ್ಯ ಮಾತ್ರ ಮೈಸೂರಿನಲ್ಲಿ ಬಿ.ಎ. ಮಾಡಿ ಬಂದ ಬಸವರಾಜಪ್ಪನವರದು. ಊರಿನವರ ಬಾಯಲ್ಲಿ ಇಂಗ್ಲಿಷ್ ಮೇಷ್ಟ್ರು ಎಂದರೆ ಅವರೇ. ಅಕ್ಷರ ಕೂಡಿಸಿ ಓದಲು ಕಲಿಸಿದವರು ಯಾರು ಎಂದು ಒಬ್ಬನೂ ಕೇಳುವುದಿಲ್ಲ. ಇದು ಅನ್ಯಾಯವಲ್ಲದೆ ಮತ್ತೇನು?

ಹೊಟ್ಟೆಕಿಚ್ಚಿಲ್ಲವೇ ಎಂದರೆ ಮೇಷ್ಟ್ರು ಮುಚ್ಚಿಡುವುದಿಲ್ಲ.

"ಐತೆ ಕಣ್ರೀ. ಯಾಕಿರಬಾರ್ದು? ಕಲ್ಲು ಆರ್ಸಿ ಹೊಲ ಹದ ಮಾಡೋನು ನಾನು. ಆ ಪುಣ್ಯಾತ್ಮ ಬಂದು ಹೂವು ಕಿತ್ಕಂಡು ಹೋಗ್ತಾರೆ."

ಎರಡು ಕ್ಲಾಸಿನ ನಡುವೆ ಬರೀ ಬಿದಿರಿನ ತಟ್ಟಿ. ಆಚೆ ಬಸವರಾಜಪ್ಪನವರು ಪದ್ಯ ಶುರು ಮಾಡಿದರೆ ಈಚೆ ಹುಡುಗರ ಕಿವಿಯೆಲ್ಲ ಅತ್ತಲೇ. ಮೇಷ್ಟ್ರ ಕಿವಿಯೂ ಅಷ್ಟೆ. ಸಂಜೆ ಮನೆಯಲ್ಲಿ ಹೆಗಲಿಗೆ ಟವೆಲ್ಲು ಎಳೆದುಕೊಂಡು, ಅರೆಗಣ್ಣು ಮುಚ್ಚಿ, ಬಸವರಾಜಪ್ಪನವರಂತೆಯೇ ರಾಗವಾಗಿ ಓದಿ ಅಣಕಿಸುತ್ತಾರೆ. ಹೆಂಡತಿ ರಹಮತ್‌ಬೀ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಹೋದ ತಿಂಗಳು ಬಸವರಾಜಪ್ಪನವರು ಚಳಿಜ್ವರದಲ್ಲಿ ಮಲಗಿದರು. ಹೆಡ್‌ಮೇಷ್ಟ್ರು ಕರೆಸಿ, "ವಾರದ ಮಟ್ಟಿಗೆ ಪದ್ಯ ನೀವೇ ತಗೊಳ್ರಿ ಗೌಸ್‌ಪೀರ್. ಚೆನ್ನಾಗಿ ನಡೆದ್ರೆ ಬರೋ ವರ್ಷ ನಿಮಗೇ ಬಿಡ್ತೀನಿ" ಎಂದರು. ಹದಿನಾಲ್ಕು ವರ್ಷ ಕಾದ ಗಳಿಗೆ ಅದು.

ಪದ್ಯ ಒಬ್ಬ ದಾರಿಹೋಕನದು. ಮುಸ್ಸಂಜೆಯಲ್ಲಿ ಹೊಳೆ ದಂಡೆಗೆ ನಿಂತು ಅಂಬಿಗನನ್ನು ಕೂಗುತ್ತಾನೆ, ಯಾರೂ ಬರುವುದಿಲ್ಲ. ಮೇಷ್ಟ್ರು ಮೊದಲ ದಿನ ತಮ್ಮ ಅಭ್ಯಾಸದಂತೆ ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಕೇಳುತ್ತಾ ಹೋದರು. ಉತ್ತರವೆಲ್ಲ ಸರಿ. ಕ್ಲಾಸಿನಲ್ಲಿ ಮಾತ್ರ ಜೀವವಿಲ್ಲ. ಹಿಂದಿನ ಸಾಲಿನ ದುರುಗಪ್ಪ ಎದ್ದು, "ಸಾರ್, ಇದು ಪದ್ಯದ ಪಿರಿಯಡ್ಡೋ, ಗ್ರಾಮರ್ದೋ?" ಎಂದ.

ಮನೆಗೆ ಬಂದು ಮೇಷ್ಟ್ರು ಟೋಪಿ ಬಿಸಾಡಿದರು. ರಹಮತ್‌ಬೀ ಬಿಡಲಿಲ್ಲ. "ಅಜೀ, ನನ್ನ ಮುಂದೆ ದಿನಾ ಆ ಮೇಷ್ಟ್ರಂಗೆ ಓದಿ ನಾಟಕ ಆಡ್ತೀರಲ್ಲ, ಅದನ್ನೇ ಅಲ್ಲಿ ಆಡ್ರಿ! ಮಕ ಗಂಟು ಹಾಕ್ಕಂಡು ಪದ್ಯ ಹೇಳಿದ್ರೆ ಯಾವ ಮಕ್ಕಳು ಕೇಳ್ತಾವೆ?"

ಮರುದಿನ ಹಾಗೆಯೇ ಓದಿದರು. ಅದೇ ರಾಗ, ಅದೇ ಅರೆಗಣ್ಣು. ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳಿತು. ಮುಗಿದ ಮೇಲೆ ದುರುಗಪ್ಪ ಖುಷಿಯಿಂದಲೇ, "ಥೇಟ್ ಬಸವರಾಜಪ್ಪ ಸಾರ್ ಓದಿದಂಗೇ ಇತ್ತು ಸಾರ್!" ಎಂದ.

"ಕಪಾಳಕ್ಕೆ ಹೊಡೆದಂಗಾತು," ಎನ್ನುತ್ತಾರೆ ಮೇಷ್ಟ್ರು. "ಆ ಮನುಷ್ಯನ್ನ ಅಣಕಿಸಿ ಅಣಕಿಸಿ ನನ್ನ ಗಂಟಲಾಗೇ ಕೂರಿಸ್ಕಂಡಿದ್ದೆ."

ಮೂರನೆಯ ದಿನ ರೀಡರು ಮುಚ್ಚಿಟ್ಟರು. "ಹೊಳೆ ದಾಟಾಕೆ ಹರಿಗೋಲಿನೋನನ್ನ ಹೆಂಗೆ ಕರೀತೀರಿ? ಕರೀರಿ ನೋಡಾನ!"

"ಓ ಅಂಬಿಗಣ್ಣಾ..." ಎಂದು ಹುಡುಗರೆಲ್ಲ ಒಟ್ಟಿಗೆ ಅರಚಿದರು. ಮೇಷ್ಟ್ರೂ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಏನೋ ಹೊಡೆದಾಟ ಎಂದುಕೊಂಡು ಹೆಡ್‌ಮೇಷ್ಟ್ರು ಓಡಿ ಬಂದರು. ಗೌಸ್‌ಪೀರ್ ಅವರತ್ತ ತಿರುಗಲೂ ಇಲ್ಲ.

"ಯಾರೂ ಬರ್ಲಿಲ್ಲ. ಕತ್ತಲಾತು. ಹಿಂದೆ ಹೋಗಾಕೂ ದಾರಿ ಕಾಣ್ತಿಲ್ಲ. ಈಗ ಇನ್ನೊಂದು ಸಲ ಕರೀರಿ."

ಈ ಸಲ ಯಾರೂ ಅರಚಲಿಲ್ಲ. ಕೂಗು ತಗ್ಗಿತ್ತು, ಒಡೆದಿತ್ತು. ಅದೇ ದನಿಯಲ್ಲಿ ಮೇಷ್ಟ್ರು ಇಂಗ್ಲಿಷಿನ ಸಾಲುಗಳನ್ನು ಓದಿದರು. ಯಾರ ಹಾಗಿತ್ತು ಎಂದು ಯಾರೂ ಹೇಳಲಿಲ್ಲ. ದುರುಗಪ್ಪ, "ಅಂಬಿಗ ಯಾಕೆ ಬರ್ಲಿಲ್ಲ ಸಾರ್?" ಎಂದು ಮಾತ್ರ ಕೇಳಿದ.

ಬಸವರಾಜಪ್ಪನವರು ಜ್ವರ ಬಿಟ್ಟು ಬಂದರು. ಹುಡುಗರು ಓಡಿ ಹೋಗಿ ಮುತ್ತಿಕೊಂಡರು. ಬಂದ ದಿನವೇ ಅವರು ಅದೇ ಪದ್ಯವನ್ನು ಮತ್ತೆ ಮೊದಲಿಂದ ಓದಿದರು. ತಟ್ಟಿಯ ಈಚೆ ಗೌಸ್‌ಪೀರ್ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಬಸವರಾಜಪ್ಪನವರು ಚೆನ್ನಾಗಿಯೇ ಓದಿದರು. ಅದೇ ಸಂಕಟ.

ಬರುವ ವರ್ಷದ ಮಾತನ್ನು ಹೆಡ್‌ಮೇಷ್ಟ್ರು ಮತ್ತೆ ಎತ್ತಿಲ್ಲ. ಎತ್ತುವುದೂ ಇಲ್ಲ. ಬಿ.ಎ. ಪಕ್ಕದಲ್ಲಿ ಲೋವರ್ ಸೆಕೆಂಡರಿಗೆ ಯಾರು ಮಣೆ ಹಾಕುತ್ತಾರೆ?

ಹಾಗಾದರೆ ಏನು ಬೇಕು ಮೇಷ್ಟ್ರೇ ಎಂದರೆ, ಕೈಗೆ ಅಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಪಿರಿಯಡ್ಡು ಅವರೇ ಇಟ್ಕಳ್ಲಿ. ವರ್ಷಕ್ಕೊಂದು ಪದ್ಯ ನನಗೆ ಬಿಟ್ರೆ ಸಾಕು. ಆದ್ರೆ ನಾನು ಓದಿದ ಮೇಲೆ ಅದನ್ನ ಅವ್ರು ಮುಟ್ಟಬಾರ್ದು, ಅಷ್ಟೇ."