ಎಡೆಯ ಕೋಣೆಯಲ್ಲಿ ಉಳಿದ ಅತ್ತೆ

ಹಿರಿಯರಿಗೆ ಎಡೆ ಇಡುವುದನ್ನು ಬಹಳ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಮುಗಿಸುತ್ತಾರೆ. ನನ್ನ ಗಂಡನ ಮನೆಯಲ್ಲಿ ಅದು ಯುಗಾದಿಗೂ ಉಂಟು. ಹೊಸ ವರ್ಷದ ಮೊದಲ ಊಟ ಸತ್ತವರದು, ಆಮೇಲೆ ನಮ್ಮದು. ಮದುವೆಯಾದ ಹೊಸತರಲ್ಲಿ ನನಗಿದು ಅನ್ಯಾಯವಾಗಿ ಕಾಣುತ್ತಿತ್ತು. ಬೆಳಗಿನಿಂದ ಹೋಳಿಗೆ ತಟ್ಟಿ ಕೈ ಸೋತವಳಿಗೆ ಒಂದು ತುಂಡೂ ಇಲ್ಲ, ಗೋಡೆಯ ಫೋಟೋಗಳಿಗೆ ಬಿಸಿ ಹೋಳಿಗೆ. ಬಾಯಿಬಿಟ್ಟು ಹೇಳಿಯೂ ಇದ್ದೆ. ಅತ್ತೆ ನಕ್ಕು, ಹಂಚಿನ ಮೇಲೆ ಹರಿದುಹೋಗಿದ್ದ ಒಂದನ್ನು ಮಡಿಚಿ ಕದ್ದು ನನ್ನ ಕೈಗಿಟ್ಟಿದ್ದರು.

ಆ ಅತ್ತೆ ಎರಡು ವರ್ಷದಿಂದ ಮಧುಗಿರಿಯ ನಮ್ಮ ಮನೆಯಲ್ಲಿ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎಂದು ಬದುಕುತ್ತಿದ್ದರು. ಮಂಡಿ ಬಗ್ಗುತ್ತಿರಲಿಲ್ಲ. ಮಾತು ಕಡಿಮೆಯಾಗುತ್ತಾ ಬಂದು, ಚಳಿಗಾಲದ ಹೊತ್ತಿಗೆ ಹೆಚ್ಚುಕಡಿಮೆ ನಿಂತೇಹೋಗಿತ್ತು. ಯುಗಾದಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, ಈ ಸಲ ಎಡೆ ನಾನೇ ಬಡಿಸುತ್ತೇನೆ ಎಂದರು. ಆಮೇಲೆ ದಿನವೂ ಅದೊಂದೇ ಮಾತು. ಈ ಬಿಸಿಲಿನಲ್ಲಿ ಅವ್ವನನ್ನು ಊರಿಗೆ ಕರೆದುಕೊಂಡು ಹೋಗುವುದು ಬೇಡವೆಂದು ನನ್ನ ಗಂಡ ಹೇಳಿದರು. ನನಗೆ ರೇಗಿತು. ಮಾತ್ರೆ ನುಂಗುವುದಕ್ಕಷ್ಟೇ ಬದುಕಿರಬೇಕೇನು ಅವರು ಎಂದು ಕೇಳಿದೆ. ಹಬ್ಬದ ಹಿಂದಿನ ದಿನ ಅವರೇ ಊರಿಗೆ ಹೋಗಲು ಕಾರು ಮಾಡಿಕೊಂಡು ಬಂದರು.

ಊರೆಂದರೆ ಪುರವರದ ಹತ್ತಿರದ ಹಳ್ಳಿ. ಅಲ್ಲಿರುವವರು ದೊಡ್ಡಮಾವ, ತೀರಿಕೊಂಡ ನನ್ನ ಮಾವನ ಅಣ್ಣ. ಅವರ ಹೆಂಡತಿ, ನನ್ನ ದೊಡ್ಡತ್ತೆ, ಅತ್ತೆಯ ಒಡಹುಟ್ಟಿದ ಅಕ್ಕ. ಪಾವಗಡದ ಕಡೆ ರಾಯಚರ್ಲಿನಿಂದ ಅಕ್ಕತಂಗಿಯರಿಬ್ಬರೂ ಒಂದೇ ಚಪ್ಪರದಡಿ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂದವರು. ಅಡುಗೆಮನೆಯಲ್ಲಿ ಇಬ್ಬರದೂ ತೆಲುಗು. ಗಂಡಂದಿರನ್ನು ಬೈಯುವುದಕ್ಕೆ ಅದಕ್ಕಿಂತ ಅನುಕೂಲದ ಭಾಷೆ ಸಿಗುತ್ತಿರಲಿಲ್ಲ. ದೊಡ್ಡತ್ತೆ ಹೋದ ಮೇಲೆ ಆ ಮನೆಯಲ್ಲಿ ತೆಲುಗು ಕೇಳಿಸಿದ್ದಿಲ್ಲ.

ಹಬ್ಬದ ದಿನ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಗೆ ಎಣ್ಣೆ ನೀರು ಹಾಕಿದೆ. ಹಲ್ಲಿಲ್ಲದ ಬಾಯಿಗೆಂದು ಬೇವು ಬೆಲ್ಲವನ್ನು ನುಣ್ಣಗೆ ಅರೆದು ನಾಲಗೆಗೆ ಸವರಿದೆ. ಎಡೆಯ ಕೋಣೆಯಲ್ಲಿ ನಾಲ್ಕು ಎಲೆ ಹಾಕಿದ್ದೆವು. ಮನೆಯ ಹಿರಿಯ ಅಜ್ಜ, ಅಜ್ಜಿ, ಮಾವ, ದೊಡ್ಡತ್ತೆ. ಮಾವನ ಎಲೆಯ ಪಕ್ಕ ಒಂದು ಕಟ್ಟು ಬೀಡಿ. ದೊಡ್ಡತ್ತೆ ಮುತ್ತೈದೆಯಾಗಿ ಹೋದವರು, ಹಾಗಾಗಿ ಅವರ ಎಲೆಯ ಹಿಂದೆ ಸೀರೆ, ಹೂವು, ದಾರದಲ್ಲಿ ಕಟ್ಟಿದ ಹಸಿರು ಗಾಜಿನ ಬಳೆ. ಅತ್ತೆಯ ಕೈಗೆ ಉದ್ದ ಹಿಡಿಯ ಸೌಟು ಕೊಟ್ಟು, ಅವರ ಕುರ್ಚಿಯನ್ನು ಎಲೆಯಿಂದ ಎಲೆಗೆ ಸರಿಸುತ್ತಾ ಹೋದೆ. ಅರ್ಧ ಪಾಯಸ ನೆಲಕ್ಕೇ ಬಿತ್ತು. ಶಾಸ್ತ್ರದಲ್ಲಿ ಕೂದಲು ಸೀಳುವ ದೊಡ್ಡಮಾವ ಕೂಡ ಅಂದು ಬಟ್ಟೆ ತಂದು ತಾವೇ ಒರೆಸಿದರು. ಅತ್ತೆಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಮನೆಯೊಡತಿಯ ಗತ್ತು ಕಾಣಿಸಿ ನನಗೆ ಖುಷಿಯಾಯಿತು.

ಧೂಪ ಹಾಕಿ ಕೈಮುಗಿದ ಮೇಲೆ ಎಲ್ಲರೂ ಹೊರಗೆ ಬರಬೇಕು. ಬರುವಾಗ ಹಿಂತಿರುಗಿ ನೋಡಬಾರದು. ಬಾಗಿಲು ಮುಚ್ಚಿ, ಮಾಳಿಗೆಯ ಮೇಲೆ ಕಾಗೆಗೊಂದು ಎಲೆ ಇಡಬೇಕು. ಕಾಗೆ ಮುಟ್ಟಿದರೆ ಒಳಗಿನವರದು ಊಟವಾಯಿತೆಂದು ಲೆಕ್ಕ, ಆಗ ಕೆಮ್ಮಿ ಬಾಗಿಲು ತೆಗೆಯುವುದು. ಕಾಗೆಯ ಎಲೆ ಹಿಡಿದು ನಾನು ಮೊದಲೇ ಮೆಟ್ಟಿಲು ಹತ್ತಿದ್ದೆ. ಗಂಡಸರಿಬ್ಬರೂ ಹಿಂದೆ ನೋಡದೆ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಅತ್ತೆಯನ್ನು ನಾನು ಕರೆತಂದೆನೆಂದು ಅವರು, ಅವರು ಕರೆತಂದರೆಂದು ನಾನು. ಕೆಳಗಿಳಿದು ಬಂದು ಅತ್ತೆ ಎಲ್ಲಿ ಎಂದಾಗ ಮೂವರೂ ಮುಚ್ಚಿದ ಬಾಗಿಲನ್ನೇ ನೋಡಿದೆವು.

ತೆಗೆಯಲು ಹೋದ ನನ್ನ ಗಂಡನನ್ನು ದೊಡ್ಡಮಾವ ತಡೆದರು. ಅರ್ಧ ಊಟದಲ್ಲಿ ಹಿರಿಯರನ್ನು ಎಬ್ಬಿಸಿದರೆ ಅವರು ಬರಿಗೈಯಲ್ಲಿ ಹೋಗುವವರಲ್ಲ, ಒಳಗೆ ಜೀವವೊಂದು ಕೂತಿದೆ, ಕಾಗೆ ಮುಟ್ಟಲಿ ಎಂದರು. ಅವರ ಹತ್ತಿರ ವಾದ ಮಾಡುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆದರೂ ಮಾಡಿದೆ. ನನ್ನ ಗಂಡ ಮಾತ್ರ ಚಿಲಕದ ಮೇಲಿಟ್ಟ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಓದಿದವರು, ಸಂಬಳದ ಕೆಲಸದಲ್ಲಿರುವವರು. ಅವರಿಗೂ ಹೆದರಿಕೆ ಹತ್ತಿತ್ತು.

ಸುಡು ಮಧ್ಯಾಹ್ನ. ಕಾಗೆ ಬಿಡಿ, ಒಂದು ಗುಬ್ಬಿಯ ಸದ್ದೂ ಇಲ್ಲ. ಒಳಗೆ ಕುರ್ಚಿ ಕಿರ್ರೆಂದಿತು. ಆಮೇಲೆ ಅತ್ತೆಯ ದನಿ.

ಅತ್ತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಎಡೆಯ ಮಾತೊಂದು ಬಿಟ್ಟರೆ ತಿಂಗಳುಗಟ್ಟಲೆ ಎರಡು ಮಾತು ಜೋಡಿಸದವರು ತಡವರಿಸದೆ, ಸರಾಗವಾಗಿ. ಮಾತಾಡಿ ನಿಲ್ಲಿಸುತ್ತಿದ್ದರು. ಎದುರಿನವರು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು, ಹ್ಞೂಂ ಎಂದು ಮತ್ತೆ ಮುಂದುವರಿಸುತ್ತಿದ್ದರು. ಒಮ್ಮೆ ನಕ್ಕರು. ಆ ನಗುವಿನ ಜೊತೆಗೇ ಗಾಜಿನ ಬಳೆಯ ಸದ್ದು. ಅತ್ತೆಯ ಕೈಯಲ್ಲಿ ಬಳೆ ಇಲ್ಲದೆ ವರ್ಷಗಳಾಗಿದ್ದವು.

ದೊಡ್ಡಮಾವ ಹಣೆಯನ್ನು ಬಾಗಿಲಿಗೆ ಆನಿಸಿ ನಿಂತಿದ್ದರು. ಇವರು ಶಾಸ್ತ್ರ ಕಾಯುತ್ತಿಲ್ಲ ಎಂದು ನನಗೆ ಹೊಳೆದದ್ದು ಆಗ. 'ನಮ್ಮವಳು ಬಂದವ್ಳೆ ಕಣಮ್ಮ. ತಗೀಬ್ಯಾಡ, ಇನ್ನೊಂಚೂರು ಮಾತಾಡ್ಲಿ ಬುಡು' ಎಂದರು.

ಅವರನ್ನು ನೋಡಿ ನನಗೂ ಮನಸ್ಸು ಕರಗಿತು. ಇನ್ನೊಂದು ಗಳಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಒಳಗಿನಿಂದ 'ವಸ್ತಾ, ಉಂಡು ಅಕ್ಕಾ' ಎಂದು ಕೇಳಿಸಿತು. ಪಾವಗಡದ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದವಳು ನಾನು, ಅಷ್ಟು ತೆಲುಗು ಬರುತ್ತದೆ. ಬರ್ತೀನಿ, ಇರು ಅಕ್ಕಾ ಎಂದು ಅರ್ಥ.

ನಾನು ಕೆಮ್ಮಲಿಲ್ಲ. ದೊಡ್ಡಮಾವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ದೂಡಿದೆ.

ಕುರ್ಚಿ ಖಾಲಿ. ಎರಡು ವರ್ಷದಿಂದ ಮಂಡಿ ಬಗ್ಗದ ಅತ್ತೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮಾವನ ಎಲೆಗೂ ದೊಡ್ಡತ್ತೆಯ ಎಲೆಗೂ ನಡುವೆ, ಪಂಕ್ತಿಯಲ್ಲೇ. ಯಾವ ಎಲೆಯಲ್ಲೂ ಒಂದು ಅಗುಳು ಕದಲಿರಲಿಲ್ಲ. ಬಳೆಗಳ ದಾರ ಕಟ್ಟಿದ ಹಾಗೇ ಇತ್ತು. ಅತ್ತೆಯ ಎಡಗೈ ದೊಡ್ಡತ್ತೆಯ ಎಲೆಯ ಕಡೆಗೆ ಚಾಚಿಕೊಂಡು, ಬೆರಳುಗಳು ಏನನ್ನೋ ಬಿಗಿಯಾಗಿ ಹಿಡಿದಂತೆ ಮಡಿಚಿದ್ದವು. ನನ್ನನ್ನು ಕಂಡು ಮುಖ ಗಂಟಿಕ್ಕಿದರು.

'ಎಲ್ರಿಗೂ ಎಲೆ ಹಾಕಿದ್ದೀಯ. ನಂಗ್ಯಾಕೆ ಹಾಕಿಲ್ಲ?'

'ನಿಮ್ಮೆಲೆ ಆಚೆ ಪಡಸಾಲೇಲಿ ಐತೆ ಅತ್ತೆ. ನಮ್ಮ ಜೊತೆ. ಬನ್ನಿ' ಎಂದು ಕೈ ಚಾಚಿದೆ.

ಬಲಗೈಯನ್ನು ತಕ್ಷಣವೇ ಕೊಟ್ಟರು. ಎಡಗೈ ಅಲ್ಲೇ ಇತ್ತು. ನಾನು ಎಳೆದೆ. ಆಚೆ ಕಡೆಯಿಂದಲೂ ಎಳೆತ ಇದ್ದಂತೆ ನನ್ನ ತೋಳಿಗೆ ತಿಳಿಯಿತು. ಅದನ್ನು ಈಗ ಯಾರೆದುರಿಗೂ ಹೇಳುವುದಿಲ್ಲ. ಅತ್ತೆ ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ನನ್ನ ಗಂಡ ಓಡಿಬಂದು ಸೊಂಟಕ್ಕೆ ಕೈ ಕೊಟ್ಟರು. ಕುರ್ಚಿಗೆ ಕೂರಿಸುವಷ್ಟರಲ್ಲಿ ಮಂಡಿಗಳು ಮತ್ತೆ ಮರದಂತೆ ಸೆಟೆದುಕೊಂಡಿದ್ದವು. ದೊಡ್ಡಮಾವ ಒಳಗೆ ಹೋಗಿ ಹೆಂಡತಿಯ ಎಲೆಯ ಮುಂದೆ ಒಬ್ಬರೇ ಕೂತುಬಿಟ್ಟರು. ಊಟಕ್ಕೆ ಕರೆದರೂ ಬರಲಿಲ್ಲ.

ಪಡಸಾಲೆಯಲ್ಲಿ ಅತ್ತೆಗೆ ಹೋಳಿಗೆಯನ್ನು ತುಪ್ಪ, ಹಾಲಿನಲ್ಲಿ ಕಿವುಚಿ, ತಟ್ಟೆಯಲ್ಲಿ ಹಾಸಿದ ಎಲೆಗೆ ಹಾಕಿ, ಒಂದೊಂದೇ ತುತ್ತು ಬಾಯಿಗಿಟ್ಟೆ. ಬಿಸಿಲು ಬಿದ್ದ ಅಂಗಳವನ್ನು ನೋಡುತ್ತಾ ಬಹಳ ಹೊತ್ತು ಬಾಯಾಡಿಸಿದರು.

'ಅಕ್ಕ ಕರೆದ್ಲು ಕಣಮ್ಮ. ಹೋಗಾಣ ಅಂತಲೇ ಇದ್ದೆ. ನೀನು ಬಾಗ್ಲು ತಗದ್ಬುಟ್ಟೆ' ಎಂದರು.

ಅದು ಮೆಚ್ಚುಗೆಯೋ, ದೂರೋ. ಇನ್ನೊಂದು ಹೋಳಿಗೆ ಕಿವುಚಿದೆ. ಅತ್ತೆ ಬೇಡವೆನ್ನಲಿಲ್ಲ, ಬಾಯಿ ತೆರೆದರು.