ದೊಡ್ಡ ಟೈಲರನ ಭಾನುವಾರದ ಕೆಮ್ಮು

ದೊಡ್ಡ ಟೈಲರನ ಭಕ್ತಿಗೆ ಅಳತೆ ಇತ್ತು. ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಒಂದೂವರೆ ಗಂಟೆ ಹೊತ್ತು, ಕೊನೆಯ ಬೆಂಚು, ಬಾಗಿಲ ಪಕ್ಕ. ದೇವರು ಅದರ ಮೇಲೆ ಒಂದು ಅಂಗುಲ ಕೇಳಿದರೂ ಕೊಡುವ ಆಸಾಮಿಯಲ್ಲ. ಹಾಡು ಬಂದರೆ ತುಟಿ ಆಡಿಸುವನು, ದನಿ ಹೊರಡಿಸನು. ಸಭಾಪಾಲಕರು ಪ್ರಸಂಗ ಮಾಡತೊಡಗಿದರೆ ಕಣ್ಣು ಮುಚ್ಚುವನು. ಅದು ಧ್ಯಾನವೆಂದು ಸಭೆಯೆಲ್ಲ ನಂಬಿತ್ತು. ಪಕ್ಕದಲ್ಲಿ ಕೂತು ಗೊರಕೆ ಕೇಳುತ್ತಿದ್ದ ಹೆಂಡತಿ ಮಾತ್ರ ನಂಬಿರಲಿಲ್ಲ.

ಒಂದು ಕೆಲಸವನ್ನು ಮಾತ್ರ ಆತ ತಪ್ಪದೆ ಮಾಡುತ್ತಿದ್ದ. ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆಯಲ್ಲಿ, ಬೇರೆಯವರ ತಪ್ಪನ್ನು ನಾವು ಮನ್ನಿಸಿದ ಹಾಗೆ ನಮ್ಮನ್ನೂ ಮನ್ನಿಸು ಎಂದು ಕೇಳುವ ಸಾಲೊಂದು ಬರುತ್ತದಲ್ಲ, ಸರಿಯಾಗಿ ಅಲ್ಲಿಗೆ ಕೆಮ್ಮು. ಸಾಲು ಮುಗಿಯಿತೋ, ಕೆಮ್ಮೂ ಮುಗಿಯಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಡವಾದದ್ದಿಲ್ಲ. ಗಿರಾಕಿಗಳ ಅಂಗಿಗೂ ಆತ ಇದೇ ನಿಯತ್ತು ತೋರಿಸಿದ್ದರೆ ಎಷ್ಟೋ ಮದುಮಕ್ಕಳು ಹಳೆ ಕೋಟಿನಲ್ಲಿ ಮದುವೆಯಾಗುವುದು ತಪ್ಪುತ್ತಿತ್ತು.

ಆತ ಮನ್ನಿಸದೆ ಇಟ್ಟುಕೊಂಡಿದ್ದದ್ದು ಸ್ವಂತ ತಮ್ಮನನ್ನು, ಅದೇ ಸಭೆಯ ಎರಡನೆಯ ಬೆಂಚಿನಲ್ಲಿ ಕೂರುವ ಚಿಕ್ಕ ಟೈಲರನನ್ನು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ನಡುವೆ ಹಲಗೆಯ ಗೋಡೆ ಎದ್ದಿತು. ಹೊಲಿಗೆ ಮೆಷಿನ್ನು ಎರಡಿದ್ದವು, ಇಸ್ತ್ರಿಪೆಟ್ಟಿಗೆ ಎರಡಿದ್ದವು. ಅಪ್ಪನ ಕತ್ತರಿ ಒಂದೇ. ಇಬ್ಬರು ಬುದ್ಧಿವಂತರೂ ಕೂತು ಯೋಚಿಸಿ ಅದರ ಸ್ಕ್ರೂ ಬಿಚ್ಚಿ ಆಳಿಗೊಂದು ಅಲಗು ಹಂಚಿಕೊಂಡರು. ಒಂಟಿ ಅಲಗಿನಿಂದ ಬಟ್ಟೆ ಕತ್ತರಿಸುವ ವಿದ್ಯೆ ಇನ್ನೂ ಹುಟ್ಟದ ಕಾರಣ ಎರಡೂ ಗೋಡೆಯ ಆಚೆಗೊಂದು ಈಚೆಗೊಂದು ಮೊಳೆಗೆ ಜೋತುಬಿದ್ದವು. ಸ್ಕ್ರೂ ಮಾತ್ರ ದೊಡ್ಡ ಟೈಲರನ ಗುಂಡಿ ಡಬ್ಬಿಯ ತಳ ಸೇರಿತು. "ಅಪ್ಪನ ಸ್ಕ್ರೂನೂ ಬಿಡದ ಕಳ್ಳ" ಎಂದು ತಮ್ಮನ ಹೆಸರನ್ನು ಬೀದಿಯಲ್ಲೆಲ್ಲ ಹರಡಿ ಬಂದವನೂ ಅವನೇ. ತಮ್ಮ ಕೆಂಡವಾಗಿ ಬಾಯಿಗೆ ಬಂದಂತೆ ಬೈದ. ಆ ಬೈಗುಳವನ್ನೇ ಅಣ್ಣ ತನಗಾದ ಘೋರ ಅನ್ಯಾಯವೆಂದು ಜೋಪಾನ ಮಾಡಿಕೊಂಡು ಬಂದಿದ್ದ.

ಈ ನಡುವೆ ಸಭೆಯ ಹೆಂಗಸರು ಅವನ ಗಂಟಲಿಗಾಗಿ ಪ್ರಾರ್ಥಿಸತೊಡಗಿದರು. ಮೂರನೆಯ ವಾರ, ಪ್ರಾರ್ಥನೆಯ ಹೊತ್ತಿಗೆ ಆತನ ಕಣ್ಣು ಮುಂದಿನ ಬೆಂಚಿನವನ ಕೋಟಿನ ಕಾಲರಿನ ಮೇಲೆ ಬಿತ್ತು. ತಮ್ಮನ ಹೊಲಿಗೆ! ಎಡಗಡೆ ನೂಲೆಳೆಯಷ್ಟು ಎತ್ತರ! ಆ ಸಂತೋಷದಲ್ಲಿ ಕೆಮ್ಮುವುದನ್ನೇ ಮರೆತ.

"ಕರ್ತನಿಗೆ ಸ್ತೋತ್ರ! ವಾಸಿ ಆಯ್ತು!" ಎಂದು ಸೂಲಗಿತ್ತಿಯಮ್ಮ ಎದ್ದು ನಿಂತು ಕೂಗಿದಳು. ಸಭಾಪಾಲಕರು ಕಣ್ಣೊರೆಸಿಕೊಂಡರು. ಆ ಸಭೆಯಲ್ಲಿ ಪ್ರಾರ್ಥನೆಯನ್ನು ಮುಂದೆ ನಿಂತು ಹೇಳಿಸುವ ಸರದಿ ಮನೆಮನೆಗೂ ಬರುತ್ತಿತ್ತು. ಕೆಮ್ಮಿನ ಕಾರಣಕ್ಕೆ ದೊಡ್ಡ ಟೈಲರನ ಮನೆಯ ಸರದಿಯನ್ನು ಬಿಟ್ಟಿದ್ದರು. "ಮುಂದಿನ ಭಾನುವಾರ ನಮ್ಮ ಟೈಲರೇ ಹೇಳಿಸ್ತಾರೆ" ಎಂದರು ಸಭಾಪಾಲಕರು. ಟೈಲರನ ಮುಖ ಹರಳೆಣ್ಣೆ ಕುಡಿದವನಂತಾಯಿತು.

ಮನೆಯಲ್ಲಿ ಹೆಂಡತಿ ಬಿಡುತ್ತಾಳೆಯೇ?

"ಏನ್ರೀ, ಮೈಕ್ ಮುಂದೆ ಕೆಮ್ಮೋಕೆ ಈಗಿಂದ್ಲೇ ಅಭ್ಯಾಸ ಮಾಡ್ತಿದ್ದೀರಾ?"

"ನಿಂಗೇನು ಗೊತ್ತು? ಅವನು ನನ್ನ ಎಷ್ಟು ಬೈದಿದ್ದಾನೆ!"

"ಗುಂಡಿ ಡಬ್ಬಿ ನಾನೂ ತೊಳೀತೀನಿ ಕಣ್ರೀ. ಹನ್ನೊಂದು ವರ್ಷದಿಂದ."

ಟೈಲರ್ ಎದ್ದು ಅಂಗಡಿಯ ಕಡೆ ನಡೆದ. ಇವಳಿಗೇ ಗೊತ್ತಿದ್ದ ಮೇಲೆ ದೇವರಿಗೆ ಗೊತ್ತಿರದೆ ಇರುತ್ತದೆಯೇ? ಅಷ್ಟು ದೂರದ ಕೊನೆಯ ಬೆಂಚು ಯಾರ ಕಣ್ಣಿನಿಂದ ಮರೆಯಾಗಲು?

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಓರೆಮಾಡಿ ಬಟ್ಟೆ ಚೂರುಗಳ ನಡುವೆ ಮೊಣಕಾಲೂರಿದ. ಮೊದಲು ರೂಢಿಯ ದೊಡ್ಡ ದೊಡ್ಡ ಮಾತು ಹೇಳಿನೋಡಿದ. ಅವು ಬೇರೆಯವನ ಅಂಗಿಯಂತೆ ಮೈಗೆ ಹೊಂದಲಿಲ್ಲ. ಕೊನೆಗೆ ಹೇಳಿದ: "ಸ್ವಾಮಿ, ನಂಗೆ ಮನಸ್ಸಿಲ್ಲ. ಅವನ ಮುಖ ನೋಡೋಕೂ ಇಷ್ಟ ಇಲ್ಲ. ಆದ್ರೂ ಹೋಗ್ತೀನಿ. ಮನಸ್ಸು ನೀನೇ ಕೊಡು." ಹನ್ನೊಂದು ವರ್ಷದಲ್ಲಿ ಆತ ಆಡಿದ ಮೊದಲ ಪ್ರಾರ್ಥನೆ ಅದು.

ಮೊಳೆಯಿಂದ ಅಲಗು ತೆಗೆದ. ಅಲಗು ಕೊಟ್ಟು, ಬೈದದ್ದನ್ನು ಮನ್ನಿಸಿದ್ದೇನೆ ಎಂದು ದೊಡ್ಡಸ್ತಿಕೆಯಿಂದ ಹೇಳಿ ಬಂದರಾಯಿತು. ಸ್ಕ್ರೂವಿನ ಮಾತು ಯಾಕೆ? ಹೊರಟ. ತಮ್ಮನ ಹೊಸ್ತಿಲು ಏಳೇ ಹೆಜ್ಜೆ. ಆರನೆಯದಕ್ಕೆ ಕಾಲು ಕಿತ್ತು ಬರಲಿಲ್ಲ. ಸ್ಕ್ರೂವಿನ ಮಾತು ನುಂಗುವುದೂ ಒಂದು ಕೆಮ್ಮೇ ಎಂದು ಹೊಳೆಯಿತು. ತನ್ನನ್ನೇ ಬೈದುಕೊಳ್ಳುತ್ತ ಹಿಂದಕ್ಕೆ ಬಂದು, ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದು ಸ್ಕ್ರೂ ಹುಡುಕಿಕೊಂಡ.

ಚಿಕ್ಕ ಟೈಲರ್ ಸೂಜಿಗೆ ದಾರ ಪೋಣಿಸುತ್ತಿದ್ದ. ಅಲಗು ಹಿಡಿದ ಅಣ್ಣನನ್ನು ಕಂಡು ಗಾಬರಿಯಾಗಿ ಮೆಷಿನ್ನಿನ ಹಿಂದಕ್ಕೆ ಸರಿದ.

"ಏನಣ್ಣಾ, ತಿವಿಯೋಕೆ ಬಂದ್ಯಾ?"

ಅಣ್ಣ ಮೇಜಿನ ಮೇಲೆ ಅಲಗಿಟ್ಟ. ಪಕ್ಕದಲ್ಲಿ ಸ್ಕ್ರೂ ಇಟ್ಟ.

"ನನ್ನ ಹತ್ರಾನೇ ಇತ್ತು ಕಣೋ. ಮೊದಲ್ನೇ ದಿನದಿಂದ. ನಿನ್ನ ಕಳ್ಳ ಅಂದೆ. ಕಳ್ಳ ನಾನು. ನನ್ನ ಕ್ಷಮಿಸ್ತೀಯೇನೋ?"

ತಮ್ಮ ಮೆಷಿನ್ನಿನ ಹಿಂದಿನಿಂದ ಬಂದು ಸ್ಕ್ರೂ ಕೈಗೆತ್ತಿಕೊಂಡ. ಮುಖ ಕೆಂಪಾಯಿತು.

"ಇದಕ್ಕಾಗಿ ನಮ್ಮತ್ತೆ ಮನೆಯವರೂ ನನ್ನ ಜೇಬು ನೋಡ್ತಿದ್ರು ಗೊತ್ತಾ? ಈಗ ತಂದಿದ್ದೀಯ! ಇವತ್ತು ನನ್ನ ಮಾತಾಡಿಸಬೇಡ. ಹೋಗು."

ಅಣ್ಣ ಹೋದ. ಕ್ಷಮೆ ಕೇಳಿದ ಕೂಡಲೇ ಸಿಕ್ಕುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಪ್ರಸಂಗದಲ್ಲಿ ಹೇಳಿದ್ದರೆ ಆಗ ನಿದ್ದೆಯಲ್ಲಿದ್ದ. ಆದರೂ ಬೀದಿಯುದ್ದಕ್ಕೂ, ಅಂದು ಸುಳ್ಳು ಹಂಚಿದ ಬಾಗಿಲುಗಳನ್ನೇ ತಟ್ಟಿ, "ಸ್ಕ್ರೂ ಕದ್ದವನು ನಾನು" ಎಂದು ಹೇಳಿ ಬಂದ. ಹಾಲಿನವನಂತೂ, "ಯಾವ ಸ್ಕ್ರೂ?" ಎಂದ.

ಭಾನುವಾರ ಮೈಕಿನ ಮುಂದೆ ಆ ಸಾಲು ಬಂತು. ಕೆಮ್ಮೂ ಬಂತು, ಈ ಸಲ ನಿಜವಾಗಿ. ಸಭೆ ಉಸಿರು ಬಿಗಿಹಿಡಿಯಿತು; ಸೂಲಗಿತ್ತಿಯಮ್ಮ ಮತ್ತೆ ಪ್ರಾರ್ಥಿಸಲು ಸೆರಗು ಸರಿಮಾಡಿಕೊಂಡಳು. ಆಗ ಎರಡನೆಯ ಬೆಂಚಿನಿಂದ ಒರಟು ದನಿಯೊಂದು ಆ ಸಾಲನ್ನು ಎತ್ತಿ ಹೇಳಿತು. ಚಿಕ್ಕ ಟೈಲರನದು. ಹೊರಗೆ ಬಂದ ಮೇಲೆ ಅಣ್ಣನ ಕೈಗೆ ಒಂದು ಪೊಟ್ಟಣ ತುರುಕಿ, "ನನ್ನ ಅಲಗೂ ಸೇರಿಸಿದ್ದೀನಿ. ನಿಂಗೆ ಸಾಣೆ ಹಿಡಿಯೋಕೆ ಬರಲ್ಲ, ಕೆಡಿಸಬೇಡ" ಎಂದ.

ಹಲಗೆಯ ಗೋಡೆ ಈಗಿಲ್ಲ. ದೊಡ್ಡ ಟೈಲರ್ ಮೊದಲನೆಯ ಬೆಂಚಿಗೆ ಬಂದಿದ್ದಾನೆ. ಪೂರ್ತಿ ಕೂತು, ಪೂರ್ತಿ ಎಚ್ಚರವಿದ್ದು, ಎಲ್ಲ ಹಾಡುಗಳನ್ನೂ ಪೂರ್ತಿ ದನಿಯಲ್ಲಿ ಹಾಡುತ್ತಾನೆ. ಶ್ರುತಿಗೂ ಅವನಿಗೂ ಹುಟ್ಟಿನಿಂದಲೇ ವೈರ. ಹಾರ್ಮೋನಿಯಂ ಮೇಷ್ಟ್ರು ಮೊನ್ನೆ ಸಭಾಪಾಲಕರ ಬಳಿ ಮೆಲ್ಲಗೆ ವಿಚಾರಿಸಿದರಂತೆ: "ಅಯ್ಯನವರೇ, ಆ ಕೆಮ್ಮು ಮತ್ತೆ ಬರೋ ಹಾಗೆ ಏನಾದ್ರೂ ಪ್ರಾರ್ಥನೆ ಇದೆಯಾ?"